ರೊಟ್ಟಿ ನಡೆದ ದೂರ

ನನ್ನ ಬಲಗೈಯ ಬಳೆಗಳ ಹಿಂದೆ ಎರಡು ವಾರಗಳ ಕಾಲ ಕರಿಯ ರಬ್ಬರಿನದೊಂದು ಪಟ್ಟಿ ಇತ್ತು. ಅದರ ಕೊಂಡಿಯ ಸಂದಿನಲ್ಲಿ ಸದಾ ಒಂದು ಚಿಟಿಕೆ ಜೋಳದ ಹಿಟ್ಟು ಕೂತಿರುತ್ತಿತ್ತು. ಎಷ್ಟು ತೊಳೆದರೂ, ಸೆರಗಿನ ತುದಿಯನ್ನು ಚೂಪಾಗಿ ಹೊಸೆದು ಸಂದಿನೊಳಗೆ ತೂರಿಸಿ ಒರೆಸಿದರೂ, ಮರುದಿನ ಹೊತ್ತೇರುವಷ್ಟರಲ್ಲಿ ಅಲ್ಲಿ ಮತ್ತೆ ಬಿಳಿಯ ಗೆರೆ ಮೂಡಿರುತ್ತಿತ್ತು. ಇದೇನು ಹೇಳಿಕೊಳ್ಳುವ ಸಂಗತಿಯೇ ಎಂದು ನೀವು ಮೂಗು ಮುರಿಯಬಹುದು. ಸ್ವಲ್ಪ ತಾಳಿರಿ. ಆ ಚಿಟಿಕೆ ಹಿಟ್ಟಿನ ದೆಸೆಯಿಂದ ನಾನು ನಮ್ಮ ಬಾಗೇವಾಡಿಯ ಅಡಿಗೆಮನೆಯಲ್ಲಿ ಸ್ಟೂಲಿನ ಮೇಲೆ ಕುಳಿತಲ್ಲಿಂದಲೇ ಸಿಂದಗಿ ದಾಟಿ ಇಂಡಿ ಊರಿನ ಹತ್ತಿರ ಹತ್ತಿರ ಹೋಗಿಬಿಟ್ಟಿದ್ದೆ. ಅದೂ ಸೊಂಟದ ಎಲುಬು ಮುರಿದುಕೊಂಡವಳು, ಎಡಗೈಯಲ್ಲಿ ಕೋಲು ಹಿಡಿದವಳು. ಇಷ್ಟು ಸಾಹಸ ಮಾಡಿದ ಮೇಲೆ ಹೇಳಿಕೊಳ್ಳದೆ ಇರಲು ನಾನೇನು ಮಹಾಸಂತಳೇ?

ಮೊದಲು ಎಲುಬಿನ ಕತೆ ಹೇಳಿ ಮುಗಿಸುತ್ತೇನೆ. ಬೇಸಿಗೆಯ ಒಂದು ಮಧ್ಯಾಹ್ನ ಎದುರುಮನೆಯವರಲ್ಲಿ ಜಗಳ ರಂಗೇರಿತ್ತು. ಜಗಳ ನೋಡುವುದು ಸಭ್ಯರ ಲಕ್ಷಣವಲ್ಲವೆಂದು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೈಗುಳಗಳಲ್ಲಿ ಎಷ್ಟೋ ಹಳೆಯ ಶಬ್ದಗಳು ಜೀವ ಹಿಡಿದುಕೊಂಡಿರುತ್ತವೆ, ಅವನ್ನು ಕೇಳಿಸಿಕೊಳ್ಳುವುದು ಭಾಷಾಸೇವೆಯೆಂದುಕೊಂಡು ಮನೆಯ ಮುಂದಿನ ಕಟ್ಟೆಯ ಅಂಚಿಗೆ ಸರಿದು ಕತ್ತು ಚಾಚಿದೆ. ಆ ಜಗಳದಲ್ಲಿ ಯಾರು ಗೆದ್ದರೋ ತಿಳಿಯದು, ನಾನಂತೂ ಬಿದ್ದೆ. ಬಲಗಡೆಯ ಸೊಂಟದ ಎಲುಬಿಗೆ ಸರಳು ಹಾಕಿದರು. ನೆಲದ ಮೇಲೆ ಕೂಡುವಂತಿಲ್ಲ, ಮಣೆಯನ್ನು ಮರೆಯಬೇಕು, ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ರೊಟ್ಟಿ ಬಡಿಯುವ ಮಾತನ್ನು ಎತ್ತಲೇಕೂಡದು ಎಂದರು. ಮಗ ಮಲ್ಲಿಕಾರ್ಜುನ ಎತ್ತರದೊಂದು ಸ್ಟೂಲು ತಂದು ಗ್ಯಾಸಿನ ಕಟ್ಟೆಯ ಪಕ್ಕಕ್ಕೆ ಇಟ್ಟ. ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೊರಡುವವಳು. ಹೀಗಾಗಿ ಮನೆಯ ರೊಟ್ಟಿಯ ರಾಜ್ಯಭಾರ ಎಂದಿನಿಂದಲೂ ನನ್ನದೇ. ಸಿಂಹಾಸನ ಮಾತ್ರ ನೆಲದಿಂದ ಸ್ಟೂಲಿಗೆ ಏರಿತು.

ನಿಜವಾಗಿ ಕಳೆದುಹೋದದ್ದು ಸಂಜೆಗಳು. ನಮ್ಮ ಮನೆಗೂ ಪಕ್ಕದ ಚಾಂದಬಿಯ ಮನೆಗೂ ನಡುವೆ ಎದೆಯೆತ್ತರದ ಒಂದು ಗೋಡೆ ಇದೆ. ಅದರ ಮೇಲಿಂದ ಪಲ್ಯದ ಬಟ್ಟಲು, ಹರಿದ ಸೀರೆ, ಮಕ್ಕಳ ಮೇಲಿನ ದೂರು, ಎಲ್ಲ ದಾಟಿ ಹೋಗಿವೆ. ಚಾಂದಬಿ ಕೌದಿ ಹೊಲಿಯುವವಳು. ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಅವಳು ಹಾಕುವ ಹೊಲಿಗೆ ಹೊಲದ ಸಾಲಿನ ಹಾಗೆ ಇರುತ್ತದೆ. ಕೆಲವು ವರ್ಷಗಳಿಂದ ಅವಳ ಕಣ್ಣಿನ ನರ ಒಣಗುತ್ತಿದೆ. ಎದುರಿಗಿರುವ ಮುಖ ಕಾಣುತ್ತದೆ, ಕಾಲ ಕೆಳಗಿನ ನೆಲ ಕಾಣುವುದಿಲ್ಲ; ಇರುವಷ್ಟು ಬೆಳಕೂ ಮೆಲ್ಲಗೆ ಹೋಗುತ್ತದೆ, ಅದನ್ನು ನಿಧಾನಿಸಬಹುದು, ಹೋದದ್ದನ್ನು ತಿರುಗಿ ತರಲಾಗದು ಎಂದು ಡಾಕ್ಟರರು ಹೇಳಿದ್ದಾರೆ. ಆದರೇನು, ದಿನಾ ಸಂಜೆ ಅವಳು ನನ್ನ ಬಲಗೈಯ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಳು, ನಾವಿಬ್ಬರೂ ಊರಾಚೆಯ ಬೇವಿನ ಮರದವರೆಗೆ ಹೋಗಿ ಇಡೀ ಊರನ್ನು ವಿಚಾರಿಸಿಕೊಂಡು ಬರುತ್ತಿದ್ದೆವು. ನಾನು ಬಿದ್ದದ್ದೇ ತಡ, ಅವಳಿಗೂ ಹೊಸ್ತಿಲು ಬಂದ್ ಆಯಿತು. ಅವಳ ಮಗ ರಫೀಕ್, ಇಂಡಿಯ ಕಡೆಯಿಂದ ನಿಂಬೆಹಣ್ಣು ತಂದು ಮಾರುವವನು, ತಾಯಿಯನ್ನು ಜೀವಕ್ಕಿಂತ ಹೆಚ್ಚಾಗಿ ನೋಡಿಕೊಳ್ಳುತ್ತಾನೆ. ಅದಕ್ಕೇ ಅವಳನ್ನು ಹೊರಗೆ ಬಿಡುವುದಿಲ್ಲ. “ಕಣ್ಣ ಕಾಣದಾಕಿಗೆ ಹೊರಗ ಏನ ಕೆಲಸ ಐತಿ? ಕುಂತಲ್ಲೇ ಎಲ್ಲಾ ತಂದ ಕೊಡತೇನಿ” ಎನ್ನುತ್ತಾನೆ. ಪ್ರೀತಿಯೂ ಕೆಲವು ಸಲ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತದೆ ನೋಡಿ. ನನ್ನ ಮನೆಯಲ್ಲೂ ಅದೇ ಚಿಲಕವಿತ್ತು.

ಹಳೆಯ ತರ್ಕಶಾಸ್ತ್ರಿಗಳು ಕುರುಡನ ಹೆಗಲ ಮೇಲೆ ಕುಂಟನನ್ನು ಕೂರಿಸಿ ದಾರಿ ಸಾಗಿಸಿದ್ದಾರೆ. ಆ ನ್ಯಾಯವನ್ನು ತರಗತಿಯಲ್ಲಿ ಎಷ್ಟು ಸಲ ಬಿಡಿಸಿ ಹೇಳಿದ್ದೆನೋ! ಅದರ ಕುಂಟ ನಾನೇ ಆಗುತ್ತೇನೆ, ಅದೂ ಹೆಗಲು ಸಿಗದ ಕುಂಟಿ ಎಂದು ಆಗ ಹೊಳೆದಿರಲಿಲ್ಲ. ಗೋಡೆಯ ಆಚೆ ಅವಳು, ಈಚೆ ನಾನು. ಮಾತಿಗೆ ಕೊರತೆಯಿರಲಿಲ್ಲ, ಆದರೆ ಕೂತು ಆಡುವ ಮಾತಿಗೂ ನಡೆಯುತ್ತ ಆಡುವ ಮಾತಿಗೂ ಬಹಳ ಫರಕು ಇದೆ. ಕೂತವರು ಕಷ್ಟವನ್ನೇ ಹೇಳಿಕೊಳ್ಳುತ್ತಾರೆ. ನಡೆಯುವವರಿಗೆ ಎದುರಿಗೆ ಏನಾದರೂ ಬರುತ್ತಲೇ ಇರುತ್ತದೆ, ನಗುವುದಕ್ಕೆ.

ಎಳ್ಳಮಾವಾಸ್ಯೆ ಬರುವುದಿತ್ತು. ನಮ್ಮ ಕಡೆ ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಬೆಳೆಯ ಮೇಲೆ ಎಡೆಯ ಅನ್ನವನ್ನು ಚೆಲ್ಲುತ್ತೇವೆ, ಅದೇ ಚರಗ. ಬಸುರಿ ಭೂಮಿಗೆ ಬಯಕೆಯ ಊಟ. ನಮ್ಮ ಹೊಲ ಇರುವುದು ಮಸೂತಿಯಲ್ಲಿ. ಗಾಡಿ ಡಾಂಬರು ರಸ್ತೆಯವರೆಗೆ ಮಾತ್ರ. ಅಲ್ಲಿಂದ ಪೂಜೆ ನಡೆಯುವ ಬನ್ನಿಗಿಡದವರೆಗೆ ಎರೆಮಣ್ಣಿನ ಹೆಂಟೆ ತುಳಿಯುತ್ತ, ಬದುವಿನ ಮೇಲೆ ಕಾಲಿಡುತ್ತ ನಡೆದೇ ಹೋಗಬೇಕು. ನಾನು ಸೊಸೆಯಾಗಿ ಬಂದ ವರ್ಷದಿಂದ ಚಾಂದಬಿ ಒಂದು ಚರಗವನ್ನೂ ತಪ್ಪಿಸಿದವಳಲ್ಲ. ಆ ವರ್ಷದ ದೀಪಾವಳಿ ಮುಗಿದ ಮೇಲೆ ಒಂದು ದಿನ ಗೋಡೆಯ ಮೇಲೆ ಗದ್ದವೂರಿ ಹೇಳಿದಳು: “ಶಾಂತಾ, ಈ ವರ್ಷ ಬಿಳಿಜ್ವಾಳದ ಹೊಲ ಕಣ್ಣಿಗೆ ಕಂಡೀತು. ಮುಂದಿನ ವರ್ಷದ್ದು ಯಾರಿಗೆ ಗೊತ್ತು? ವಾಸನಿ ಅಷ್ಟ ಸಿಗತೈತಿ ಏನೋ.”

ಅಂದೇ ಮಗನನ್ನು ಹಿಡಿದುಕೊಂಡೆ. ಅವನು ತಲೆ ಕೆರೆದುಕೊಂಡು, “ಡಾಕ್ಟರ ಹ್ಞೂಂ ಅಂದ್ರ ಹೋಗೂಣವ್ವಾ. ಇಲ್ಲಂದ್ರ ನಾವ ಹೋಗಿ ಚರಗ ಚೆಲ್ಲಿ, ನಿಮಗ ಇಲ್ಲೇ ಊಟಾ ತರತೇವಿ” ಎಂದ. ರಫೀಕನೂ ಅದಕ್ಕೇ ಜೋತುಬಿದ್ದ: “ಅಕ್ಕೋರ ಹೊಂಟ್ರ ಅಮ್ಮಾನೂ ಹೋಗಲಿ. ಈ ಒಂದ ಸಲ. ಆಮ್ಯಾಲ ಕೇಳಬ್ಯಾಡ್ರಿ.” ಹೀಗೆ ಇಬ್ಬರ ಹಾದಿಯೂ ಒಬ್ಬ ಡಾಕ್ಟರರ ಒಂದು ಹ್ಞೂಂಕಾರಕ್ಕೆ ಗಂಟುಬಿತ್ತು.

ಆ ಡಾಕ್ಟರರ ಹೆಸರು ಸಂಗಮೇಶ, ಮುದ್ದೇಬಿಹಾಳದವರು. ಸೊಂಟ, ಮಂಡಿ, ಬೆನ್ನುಗಳಿಗೆ ವ್ಯಾಯಾಮ ಹೇಳಿಕೊಡಲು ವಾರಕ್ಕೊಮ್ಮೆ ನಮ್ಮೂರಿಗೆ ಬರುತ್ತಾರೆ. ನನ್ನ ಮಗನಿಗಿಂತ ಚಿಕ್ಕವರು, ನಗುಮುಖದವರು. ಬಂದೊಡನೆ ಅವರು ಕೇಳುವ ಮೊದಲ ಪ್ರಶ್ನೆ, “ಹ್ಯಾಂಗ ನಡದೈತ್ರಿ ಅಕ್ಕೋರ?” ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ, “ನಡದೈತ್ರಿ.” ವ್ಯಾಪಾರ ಬಿದ್ದವನೂ ನಡದೈತಿ ಎನ್ನುತ್ತಾನೆ, ಮಗಳ ಮದುವೆ ನಿಶ್ಚಯವಾದವನೂ ನಡದೈತಿ ಎನ್ನುತ್ತಾನೆ, ಹಾಸಿಗೆ ಹಿಡಿದವನೂ ಮಲಗಿದಲ್ಲಿಂದಲೇ ನಡದೈತಿ ಎನ್ನುತ್ತಾನೆ. ನಡೆಯುವುದೆಂದರೆ ನಮಗೆ ಬದುಕುವುದೇ. ಒಬ್ಬರ ಗುಣ ಅವರ ನಡತೆ, ಸಂಪ್ರದಾಯ ನಡೆದುಬಂದದ್ದು, ಒಪ್ಪಿಗೆಯಾದರೆ ನಡೀತೈತಿ, ಒಪ್ಪದಿದ್ದರೆ ಇದೆಲ್ಲ ನಡಿಯಂಗಿಲ್ಲ. ಇಷ್ಟೊಂದು ಭಾರವನ್ನು ಎರಡು ಕಾಲಿನ ಮೇಲೆ ಹೇರಿದ ಭಾಷೆಯಲ್ಲಿ ಒಂದು ಕಾಲು ಮುರಿದುಕೊಂಡವಳ ಪಾಡನ್ನು ಯೋಚಿಸಿ. ಸಂಗಮೇಶರಿಗೆ ಬೇಕಾಗಿದ್ದ ಉತ್ತರವಂತೂ ಬೇರೆಯದು. ನಾನು ದಿನಕ್ಕೆ ನಿಜವಾಗಿ ಎಷ್ಟು ಓಡಾಡುತ್ತೇನೆ, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ಎಂಬುದು ಅವರಿಗೆ ತಿಳಿಯಬೇಕಿತ್ತು. ಮುದುಕರನ್ನು ಕೇಳಿದರೆ ಸಂಕೋಚದವರು ಕಡಿಮೆ ಹೇಳುತ್ತಾರಂತೆ, ಹಟದವರು ಹೆಚ್ಚು ಹೇಳುತ್ತಾರಂತೆ. ನನ್ನನ್ನು ಅವರು ಯಾವ ಗುಂಪಿಗೆ ಸೇರಿಸಿದ್ದರೆಂದು ಬಾಯಿಬಿಟ್ಟು ಹೇಳಲಿಲ್ಲ. ಚೀಲದಿಂದ ಆ ಕರಿಯ ಪಟ್ಟಿಯನ್ನು ತೆಗೆದರು.

“ಇದರಾಗ ಒಂದ ಸಣ್ಣ ಯಂತ್ರ ಐತ್ರಿ. ನೀವು ಅಲುಗಾಡಿದ್ದೆಲ್ಲಾ ಅದಕ್ಕ ಗೊತ್ತಾಗತೈತಿ. ಬಿಚ್ಚಬ್ಯಾಡ್ರಿ” ಎಂದರು. ಎಡಗೈಗೆ ಗಡಿಯಾರ ಕಟ್ಟುವುದು ನನ್ನ ಶಾಲೆಯ ದಿನಗಳಿಂದ ಬಂದ ಚಟ. ಆದ್ದರಿಂದ ಪಟ್ಟಿಗೆ ಬಲಗೈಯೇ ಗತಿಯಾಯಿತು. ಎಡಗೈಯಲ್ಲಿ ಕಾಲ ಅಳೆಯುವುದು, ಬಲಗೈಯಲ್ಲಿ ಕಾಲು ಅಳೆಯುವುದು! ಒಂದು ಕೊಂಬಿನ ಅಂತರದಲ್ಲಿ ಎರಡು ಯಂತ್ರಗಳನ್ನು ಹೊತ್ತುಕೊಂಡು ನಾನು ಮೆರೆದೆ. ಜೊತೆಗೆ ಡಾಕ್ಟರರು ಇನ್ನೊಂದು ಅಪ್ಪಣೆ ಕೊಟ್ಟರು: ಮನೆಯ ಆವರಣದೊಳಗೆ, ಕೋಲು ಹಿಡಿದು, ದಿನಾ ಸಂಜೆ ನಡೆಯಬೇಕು. ಹಾಗೆ ನಡೆಯುವಾಗ ಚಾಂದಬಿ ಬಂದು ಕೈ ಹಿಡಿಯಬಾರದೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ; ಪಕ್ಕದ ಅಂಗಳದವರೆಗಷ್ಟೇ ಎಂದು ರಫೀಕನೂ ಒಪ್ಪಿದ. ಬಾವಿಕಟ್ಟೆಯಿಂದ ತುಳಸಿಯವರೆಗೆ, ತುಳಸಿಯಿಂದ ಬಾವಿಕಟ್ಟೆಯವರೆಗೆ, ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಗೆಳತಿ. ಮೊದಮೊದಲು ನೋವಿಗೆ ಕಣ್ಣಲ್ಲಿ ನೀರೇ ಬರುತ್ತಿತ್ತು. “ಅಳಾಕತ್ತೀಯೇನ?” ಎಂದು ಅವಳು ಕೇಳಿದರೆ, “ನಿನಗೆಂಗ ಕಾಣತೈತಿ?” ಎಂದು ನಾನು ಗದರುತ್ತಿದ್ದೆ. “ಕೈ ನಡಗತೈತಲ್ಲ” ಎಂದು ಅವಳು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಎರಡು ವಾರಗಳ ಮೇಲೆ ಸಂಗಮೇಶರು ಬಂದು ಪಟ್ಟಿಯ ಲೆಕ್ಕವನ್ನೆಲ್ಲ ಮೊಬೈಲಿಗೆ ಇಳಿಸಿಕೊಂಡರು. ಪರದೆಯ ಮೇಲೆ ಗೋಪುರಗಳ ಹಾಗೆ ಏನೇನೋ ಎದ್ದು ನಿಂತವು. ಅವರ ಹುಬ್ಬು ಮೇಲಕ್ಕೇರಿತು. “ಅಬಬಬಾ! ಭಾಳ ಚಲೋ ನಡದೀರಿ ಅಕ್ಕೋರ! ಮುಂಜಾನೆದ್ದ ಅಂತೂ ಸಣ್ಣ ವಯಸ್ಸಿನವರನ್ನೂ ಹಿಂದ ಹಾಕೀರಿ!” ಎಂದು ಕೈ ಮುಗಿದುಬಿಟ್ಟರು. ಮಲ್ಲಿಕಾರ್ಜುನ ಎರಡು ವಾರದ ಹೆಜ್ಜೆಗಳನ್ನು ಕೂಡಿಸಿ ದೂರದ ಲೆಕ್ಕ ಹಾಕಿ, ಆಗಲೇ ಫೋನು ಹಚ್ಚಿ ಇಂಡಿಯಲ್ಲಿರುವ ತನ್ನ ತಂಗಿಗೆ ಹೇಳುತ್ತಿದ್ದ: “ಅವ್ವ ಸಿಂದಗಿ ದಾಟ್ಯಾಳ ನೋಡು, ನಿಮ್ಮ ಮನಿಗೇ ನಡಕೋತ ಬರಾಕತ್ತಾಳ, ಚಾಕ್ಕ ನೀರ ಇಡು!” ಗೋಡೆಯಾಚೆ ಚಾಂದಬಿ ಚಪ್ಪಾಳೆ ತಟ್ಟಿದಳು. ಮಸೂತಿಯ ದಾರಿ ತೆರೆದೇ ಹೋಯಿತು ಎಂದು ಎಲ್ಲರೂ ಕುಣಿಯುವಾಗ ಸಂಗಮೇಶರು ಪ್ರೀತಿಯಿಂದ ಒಂದು ಕೊಂಕು ತೆಗೆದರು: “ಸಂಜೀಕ ಮಾತ್ರ ಆಲಸ್ಯ ಮಾಡಾಕತ್ತೀರಿ. ಒಂದ ಹೆಜ್ಜಿನೂ ಕಾಣವಲ್ದು. ಮಲಗತೀರೇನ್ರಿ?”

ಕುಣಿತದ ನಡುವೆ ನಾನು ನನ್ನ ದಿನವನ್ನು ಲೆಕ್ಕ ಹಾಕಿ ನೋಡಿದೆ. ಬೆಳಿಗ್ಗೆ ನಾನು ಸ್ಟೂಲು ಬಿಟ್ಟು ಇಳಿಯುವುದೇ ಇಲ್ಲ. ಹಲ್ಲು ಕಚ್ಚಿ, ಬೆವರು ಸುರಿಸಿ ನಡೆಯುವುದು ಸಂಜೆಯೇ. ಈ ಯಂತ್ರ ಕೂತವಳನ್ನು ಓಡಿಸಿದೆ, ನಡೆದವಳನ್ನು ಮಲಗಿಸಿದೆ! ಯೋಚಿಸುತ್ತ ಬಲಗೈ ನೋಡಿಕೊಂಡೆ. ಕೊಂಡಿಯ ಸಂದಿನಲ್ಲಿ ಹಿಟ್ಟಿನ ಗೆರೆ ಬೆಳ್ಳಗೆ ನಗುತ್ತಿತ್ತು.

ಆ ಹೊತ್ತಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಸೆಯೇನು ಕಡಿಮೆಯಿತ್ತೇ? ಆದರೆ ಹೊಲದ ಬದುವಿನ ಮೇಲೆ ನನ್ನ ಮಣಿಕಟ್ಟು ಹಿಡಿದು ಬರುವವಳು ಚಾಂದಬಿ. ನಾನೊಬ್ಬಳೇ ಬಿದ್ದರೆ ಇನ್ನೊಂದು ಎಲುಬು ಮುರಿದೀತು, ಅದಕ್ಕೂ ಒಂದು ಸರಳು ಹಾಕಿಯಾರು. ಅವಳನ್ನು ಕೆಡವಿಕೊಂಡು ಬಿದ್ದರೆ ಅವಳ ಬಾಗಿಲಿಗೆ ಬೀಳುವ ಚಿಲಕ ಮತ್ತೆ ತೆಗೆಯುವಂಥದ್ದಲ್ಲ. ನನ್ನ ಕಾಲಿಗೆ ಸಿಗಬೇಕಾದ ಹ್ಞೂಂಕಾರ ನನ್ನ ರೊಟ್ಟಿಗೆ ಸಿಕ್ಕಿದೆ. ಅದನ್ನು ನಂಬಿ ಎರೆಹೊಲ ತುಳಿಯುವುದು ಹೇಗೆ?

“ಡಾಕ್ಟರ, ಆ ಮೊಬೈಲ್ ಸ್ವಲ್ಪ ಹಂಗ ಹಿಡ್ಕೊಂಡ ಇರ್ರಿ” ಎಂದು ಹೇಳಿ, ಸ್ಟೂಲಿನ ಮೇಲೆ ಕೂತು, ಕಟ್ಟೆಯ ಮೇಲೆ ಹಿಟ್ಟಿಲ್ಲದ ರೊಟ್ಟಿಯನ್ನು ಬಡಿಯತೊಡಗಿದೆ. ಪಟಪಟಪಟ, ಎಡಗೈ ಅಂಚು ತಿರುಗಿಸುತ್ತ, ಬಲಗೈ ಬಡಿಯುತ್ತ. ಪರದೆಯ ಮೇಲೆ ಲೆಕ್ಕ ಸರಸರನೆ ಏರಿತು. ನಾನು ಬಡಿದಂತೆ ಏರುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಸಂಗಮೇಶರು ಬಾಯಿ ತೆರೆದುಕೊಂಡು ನಿಂತರು. “ಇನ್ನ ನೀ ಬಾರವಾ” ಎಂದು ಚಾಂದಬಿಯನ್ನು ಕರೆದು, ಅವಳ ಕೈಗೆ ಬಲಗೈ ಕೊಟ್ಟು, ತುಳಸಿಯವರೆಗೆ ನಡೆದು ಬಂದೆ. ಅವಳು ಹಿಡಿದುಕೊಳ್ಳುವುದು ಸರಿಯಾಗಿ ಆ ಪಟ್ಟಿಯ ಮೇಲೆಯೇ. ಅವಳ ಹಿಡಿತದಲ್ಲಿ ಕೈ ಬೀಸುವುದೆಲ್ಲಿ ಬಂತು? ಲೆಕ್ಕ ಕಲ್ಲಿನಂತೆ ನಿಂತೇ ಇತ್ತು. ಆಮೇಲೆ ಸಂಗಮೇಶರು ನಕ್ಕದ್ದು ನೋಡಬೇಕಿತ್ತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಈ ಯಂತ್ರಾ ಮಾಡಿದವರ ಮನಿಯಾಗ ಯಾರೂ ರೊಟ್ಟಿ ಬಡದಿಲ್ಲ ಬಿಡ್ರಿ! ನಮ್ಮವ್ವಾನೂ ಮುದ್ದೇಬಿಹಾಳದಾಗ ದಿನಾ ಬಡೀತಾಳ, ನನಗರ ಹೊಳೀಬಾರದೇನ್ರಿ?” ಎಂದರು. ಮಲ್ಲಿಕಾರ್ಜುನನೊಬ್ಬನ ಮುಖ ಸಣ್ಣಗಾಯಿತು. ಇಂಡಿಯಲ್ಲಿ ಚಹಾದ ನೀರು ಇಟ್ಟಾಗಿತ್ತು.

ಅಂದು ರಾತ್ರಿ ಊಟಕ್ಕೆ ಕೂತಾಗ ನನಗೊಂದು ಯೋಚನೆ ಬಂತು. ನನ್ನ ಅವ್ವ, ಅತ್ತೆ, ಅವರ ಅತ್ತೆ ಜೀವಮಾನವಿಡೀ ಬಡಿದ ರೊಟ್ಟಿಗಳನ್ನು ಈ ಯಂತ್ರ ಎಣಿಸಿದ್ದರೆ ಅವರೆಲ್ಲ ಕಾಶಿಗೆ ಹೋಗಿ, ಗಂಗೆಯಲ್ಲಿ ಮಿಂದು, ಮೆಕ್ಕಾ ನೋಡಿಕೊಂಡು ತಿರುಗಿ ಬಂದಿರುತ್ತಿದ್ದರು. ಹೊಸ್ತಿಲು ದಾಟದ ಹೆಂಗಸರ ಕೈಗಳು ಎಷ್ಟು ದೂರ ಹೋಗಿವೆ! ಆ ಮಟ್ಟಿಗೆ ಯಂತ್ರ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಇಷ್ಟು ದಿನ ಯಾರೂ ಲೆಕ್ಕಕ್ಕೆ ಹಿಡಿಯದ ದುಡಿಮೆಯನ್ನು ಅದು ತಪ್ಪಾಗಿಯಾದರೂ ಹಿಡಿಯಿತು. ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ, ಹೊಸದಾಗಿ ಬಂದ ಸೊಸೆಯ ಮೇಲೆ ಹುಟ್ಟುವಂಥ ಕನಿಕರ ಬಂತು. ಪಾಪ, ಈ ಮನೆಯ ರೀತಿ ಅದಕ್ಕೇನು ಗೊತ್ತು? ಕಲಿಸಿದರೆ ಕಲಿತೀತು.

ಕಲಿಸುವ ದಾರಿಯನ್ನು ಸಂಗಮೇಶರೇ ಹುಡುಕಿದರು. ಅದೇ ಯಂತ್ರವನ್ನು ಪಟ್ಟಿಯಿಂದ ಬಿಡಿಸಿ ಸೊಂಟಕ್ಕೆ ಕಟ್ಟಬಹುದು. ಅಲ್ಲಿದ್ದರೆ ಕೈ ಏನೇ ಮಾಡಲಿ ಅದಕ್ಕೆ ಸಂಬಂಧವಿಲ್ಲ, ಮೈ ಎದ್ದು ಸಾಗಿದರಷ್ಟೇ ಹೆಜ್ಜೆ, ಕುಂಟಿದರೆ ಕುಂಟಿದ್ದೂ ತಿಳಿಯುತ್ತದೆ ಎಂದರು. ಆದರೆ ಅವರ ಬೆಲ್ಟು ಸೀರೆಯ ಮೇಲೆ ನಿಲ್ಲಲೊಲ್ಲದು, ಕೂತರೆ ಚುಚ್ಚುತ್ತದೆ, ಎದ್ದರೆ ಜಾರುತ್ತದೆ. ಚಾಂದಬಿ ಅದನ್ನು ಕೈಯಲ್ಲಿ ಹಿಡಿದು ಬೆರಳಿನಿಂದಲೇ ಓದಿದಳು, ನಾಕು ಕಡೆ ಸವರಿದಳು. “ಇದೇನು ಮಹಾ! ಎಲಿ ಅಡಕಿ ಸಂಚಿಯೊಳಗಿನ ಸುಣ್ಣದ ಡಬ್ಬಿಯಷ್ಟ ಐತಿ” ಎಂದು ಮನೆಗೆ ಹೋದವಳು, ಮರುದಿನ ಕೌದಿಯ ತುಂಡುಗಳಲ್ಲಿ ಒಂದು ಪುಟ್ಟ ಸಂಚಿ ಹೊಲಿದು ತಂದಳು. ಸೂಜಿಗೆ ದಾರ ಮಾತ್ರ ಮೊಮ್ಮಗಳು ಪೋಣಿಸಿದ್ದು, ಹೊಲಿಗೆಯೆಲ್ಲ ಬೆರಳಿನ ಅಂದಾಜಿನಲ್ಲಿ ಹಾಕಿದ್ದು. ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ. ಹೆಂಗಸರು ಎಲೆಯಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹಾಗೆ ನಾನು ಅದನ್ನು ಸಿಕ್ಕಿಸಿಕೊಂಡೆ. ನಡೆಯನ್ನು ಅಳೆಯಬೇಕಾದರೆ ನಡುವಿಗೇ ಕಟ್ಟಬೇಕೆಂದು ಕನ್ನಡ ಮೊದಲೇ ಹೇಳಿಟ್ಟಿತ್ತಲ್ಲ, ಕನ್ನಡ ಕಲಿಸಿದ ನನಗೇ ಹೊಳೆಯದೆ ಹೋಯಿತೆಂದು ಒಬ್ಬಳೇ ನಕ್ಕೆ.

ಆಮೇಲಿನ ದಿನಗಳು ಸುಖದವೇನಲ್ಲ. ಯಂತ್ರಕ್ಕೆ ಈಗ ಸೋಗು ಹಾಕಲು ಬರುವಂತಿರಲಿಲ್ಲ. ಮೊದಲ ವಾರದ ಗೋಪುರಗಳು ಹೆಂಟೆಯಷ್ಟೇ ಎತ್ತರವಿದ್ದವು. ಸಂಗಮೇಶರು ತಲೆಯಾಡಿಸಿ, ಈ ನಡಿಗೆಗೆ ಹೊಲದ ದಾರಿ ಆಗದು ಎಂದರು. ನಾನು ಒಳಗೆ ಹೋಗಿ ಸೆರಗು ಮುಚ್ಚಿಕೊಂಡು ಅತ್ತೆ. ಹೊರಗೆ ಬಂದು, ಬಾವಿಕಟ್ಟೆಯಿಂದ ತುಳಸಿಯವರೆಗೆ ಇದ್ದ ದಾರಿಯನ್ನು ಹಿತ್ತಿಲಿನ ಮಣ್ಣಿಗೆ ಎಳೆದೆ. ಮಲ್ಲಿಕಾರ್ಜುನನಿಗೆ ಹೇಳಿ ಅಲ್ಲಿ ಒಂದಿಷ್ಟು ಎರೆಮಣ್ಣಿನ ಹೆಂಟೆ ಚೆಲ್ಲಿಸಿದೆ. ಹುಚ್ಚು ಹಿಡಿಯಿತೇನು ಎಂಬಂತೆ ಅವನು ನೋಡಿದ, ಆದರೂ ಚೆಲ್ಲಿದ. ದಿನಾ ಸಂಜೆ ನಾವಿಬ್ಬರೂ ಆ ಹೆಂಟೆಗಳ ಮೇಲೆ ನಡೆದೆವು. “ಎಡಕ್ಕ ತಗ್ಗು, ಮುಂದ ದೊಡ್ಡ ಹೆಂಟಿ” ಎಂದು ನಾನು ಹೇಳುವುದು, ಅವಳು ಕಾಲೆತ್ತಿ ಇಡುವುದು. ನನ್ನ ಬಲಗಾಲು ಸೋಲುವಾಗ ಅವಳು ಮಣಿಕಟ್ಟನ್ನು ಮೇಲಕ್ಕೆ ಎತ್ತಿ ಹಿಡಿಯುವುದು. ನೆಲ ಕಾಣದವಳ ಕಾಲು ನನ್ನದಕ್ಕಿಂತ ಗಟ್ಟಿಯಾಗಿತ್ತು. ಅದು ನನಗೆ ಗೊತ್ತಿತ್ತು. ಗೋಡೆಯಾಚೆ ನಿಂತು ನೋಡುತ್ತಿದ್ದ ರಫೀಕನಿಗೆ ಗೊತ್ತಿರಲಿಲ್ಲ. ಅವನ ಕಣ್ಣು ತಾಯಿಯ ಕಣ್ಣನ್ನಷ್ಟೇ ನೋಡುತ್ತಿತ್ತು.

ಅಮಾವಾಸ್ಯೆಗೆ ಇನ್ನು ಕೆಲವೇ ದಿನಗಳಿವೆ ಎನ್ನುವಾಗ ಸಂಗಮೇಶರು ಬಂದರು, ಲೆಕ್ಕ ಇಳಿಸಿಕೊಂಡರು, ಬಹಳ ಹೊತ್ತು ಪರದೆ ನೋಡಿದರು. ಕೊನೆಗೆ ತಲೆ ಎತ್ತಿ, “ಕುಂಟು ಇನ್ನೂ ಐತ್ರಿ. ಆದ್ರ ಇದು ಖರೇ ನಡಿಗಿ. ಹೋಗಿ ಬರ್ರಿ ಅಕ್ಕೋರ” ಎಂದರು. ನಾನು ಚಾಂದಬಿಯ ಹೆಸರು ಹಿಡಿದು ಕೂಗಿದ ರಭಸಕ್ಕೆ ಎದುರುಮನೆಯವರು, ಈ ಸಲ ಜಗಳ ನಮ್ಮಲ್ಲೇ ಎಂದು ಹೊರಗೆ ಬಂದು ನಿಂತರು.

ಚರಗದ ದಿನ ಬೆಳಿಗ್ಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಬುತ್ತಿಗೆ ಸೇರಿದ ಮೇಲೆ, ನಾನು ಸೊಂಟದ ಸಂಚಿಯನ್ನು ತೆಗೆದು ಚಾಂದಬಿಯ ಸೊಂಟಕ್ಕೆ ಸಿಕ್ಕಿಸಿದೆ. “ಇದೇನ ಮಾಡಾಕತ್ತಿ?” ಎಂದಳು. “ನೀ ಹೊಲಿದದ್ದು, ನೀನ ಕಟಗೋ. ಯಾರ ಮುಂದೂ ಬಾಯಿ ಬಿಡಬ್ಯಾಡ” ಎಂದೆ. ಡಾಂಬರು ರಸ್ತೆಯಲ್ಲಿ ಗಾಡಿ ನಿಂತಿತು. ಕೋಲು ಎಡಗೈಗೆ, ಅವಳು ಬಲಗೈಗೆ. ಮುಂದೆ ಮಲ್ಲಿಕಾರ್ಜುನ, ಹಿಂದೆ ರಫೀಕ್, ಇಬ್ಬರೂ ಕೈ ಚಾಚಿಕೊಂಡು, ಗಾಜಿನ ಸಾಮಾನು ಸಾಗಿಸುವವರ ಹಾಗೆ. ನಾವು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎರಡೂ ಕಡೆ ಎದೆ ಮಟ್ಟದ ಜೋಳ, ಗಾಳಿಗೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲುತ್ತಿತ್ತು. ಬದು ಏರಿದೆವು, ಇಳಿದೆವು, ಹೆಂಟೆ ತುಳಿದೆವು. ನಾನು ಎರಡು ಸಲ ನಿಂತೆ. ಅವಳು ನಿಲ್ಲಲಿಲ್ಲ, ನನಗಾಗಿ ಕಾದಳಷ್ಟೇ. ಬನ್ನಿಗಿಡ ಮುಟ್ಟಿದಾಗ ಅವಳು ಒಂದು ತೆನೆಯನ್ನು ಕಣ್ಣಿನ ತೀರ ಹತ್ತಿರಕ್ಕೆ ಬಾಗಿಸಿಕೊಂಡು, ಅದರ ಹೂವು ರೆಪ್ಪೆಗೆ ತಾಗುವಷ್ಟು ಹತ್ತಿರಕ್ಕೆ ಹಿಡಿದು, ನೋಡಿದಳು, ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ಅವಳೂ ನಾನೂ ಒಟ್ಟಿಗೆ ಚರಗ ಚೆಲ್ಲಿದೆವು, ಗಂಟಲು ಹರಿಯುವಂತೆ ಕೂಗಿದೆವು. ಪಕ್ಕದ ಹೊಲದವರು ನಮಗಿಂತ ಜೋರಾಗಿ ಕೂಗಿ ಉತ್ತರ ಕೊಟ್ಟರು. ನನಗೆ ಮೈಯೆಲ್ಲ ಹಗುರವಾಗಿತ್ತು, ಸರಳು ಹಾಕಿದ ಎಲುಬೂ ಸೇರಿ.

ಆ ವಾರ ಸಂಗಮೇಶರು ಬಂದಾಗ ನಾನು ಬೇಕೆಂದೇ ರಫೀಕನನ್ನೂ ಚಹಾಕ್ಕೆ ಕರೆದಿದ್ದೆ. ಲೆಕ್ಕ ಪರದೆಗೆ ಬಂದೊಡನೆ ಡಾಕ್ಟರರು ಕುರ್ಚಿಯ ಅಂಚಿಗೆ ಸರಿದರು. “ಅಕ್ಕೋರ! ನಿಮ್ಮ ಕುಂಟು ಎಲ್ಲಿ ಹೋತ್ರಿ? ಎರಡೂ ಕಾಲು ಒಂದ ಸಮಾ! ಎರೆಹೊಲದಾಗ ಒಮ್ಮೆನೂ ಮುಗ್ಗರಿಸಿಲ್ಲ! ಇದು ಹ್ಯಾಂಗ ಸಾಧ್ಯ ಆತು?”

“ಕುಂಟು ಎಲ್ಲೂ ಹೋಗಿಲ್ರಿ, ನನ್ನ ಹತ್ರಾನ ಐತಿ” ಎಂದೆ. “ಆ ನಡಿಗಿ ಯಾರದು ಅಂತ ಈ ಚಾಂದಬಿನ್ನ ಕೇಳ್ರಿ. ಸಂಚಿ ಹೊಲಿದಾಕಿ, ಕಟಗೊಂಡಾಕಿ, ಎಲ್ಲಾ ಆಕಿನ.”

ಚಾಂದಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಸಂಗಮೇಶರು ಒಂದು ಸಲ ಅವಳನ್ನು, ಒಂದು ಸಲ ಪರದೆಯನ್ನು ನೋಡಿ, ಮೊಬೈಲನ್ನು ರಫೀಕನ ಕೈಗೆ ಕೊಟ್ಟರು. ಅವನು ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. ಒಂದೇ ಎತ್ತರದ ಗೆರೆಗಳು, ಒಂದರ ಪಕ್ಕ ಒಂದು, ಅವನ ತಾಯಿ ಕೌದಿಯ ಮೇಲೆ ಹಾಕುವ ಹೊಲಿಗೆಯ ಹಾಗೆ ಸಾಲಾಗಿ ಹೋಗಿದ್ದವು. “ಅಮ್ಮಾ,” ಎಂದ, “ನಾಳಿ ಸಂಜೀಕ ಬೇವಿನ ಗಿಡದ ಕಡೆ ಎಷ್ಟಕ್ಕ ಹೊಂಡತೀರಿ?”

“ಅದನ್ನ ನನಗ್ಯಾಕ ಕೇಳತಿ?” ಎಂದಳು ಆ ಗಟ್ಟಿಗಿತ್ತಿ. “ಶಾಂತಾನ ಮನಿಗೆಲಸ ಯಾವಾಗ ಮುಗೀತೈತಿ, ಅವಾಗ.”

ಯಂತ್ರ ಈಗ ನನ್ನ ಹತ್ತಿರವಿಲ್ಲ. ಅದು ಗೊಳಸಂಗಿಯ ಒಬ್ಬ ಅಜ್ಜನ ನಡುವಿಗೆ ಹೋಗಿದೆ, ಚಾಂದಬಿ ಹೊಲಿದುಕೊಟ್ಟ ಇನ್ನೊಂದು ಸಂಚಿಯಲ್ಲಿ. ಸಂಗಮೇಶರು ಇನ್ನೂ ಒಂದಿಷ್ಟು ಹೊಲಿಯಲು ಹೇಳಿದ್ದಾರೆ. ಕೊಡುವ ಮೊದಲು ಯಂತ್ರವನ್ನು ಒರೆಸಲು ಹೋದರೆ ಅದರ ಅಂಚಿನ ಸಂದಿನಲ್ಲೂ ಹಳೆಯ ಹಿಟ್ಟಿನ ಬಿಳಿ ಗೆರೆಯ ಮೇಲೆ ಮಸೂತಿಯ ಎರೆಮಣ್ಣಿನ ಕರಿ ಗೆರೆ ಕೂತಿತ್ತು. ಇವತ್ತು ಇಂಡಿಯಿಂದ ಮಗಳು ಬಂದಿದ್ದಾಳೆ. ಅವ್ವ ಎಷ್ಟು ದಿನವಾದರೂ ನಡೆದು ತಲುಪಲಿಲ್ಲವೆಂದು ಬೇಸತ್ತು ಅವಳೇ ಬಸ್ಸು ಹತ್ತಿ ಬಂದಳು. ಹೀಗಾಗಿ ಸಂಜೆಗೂ ರೊಟ್ಟಿ ಬಡಿಯಬೇಕಾಯಿತು. ಕೊನೆಯ ರೊಟ್ಟಿ ಇನ್ನೂ ಹಂಚಿನ ಮೇಲಿತ್ತು, ಗೋಡೆಯಾಚೆಯಿಂದ ಕೂಗು ಬಂತು.

“ಏ ಶಾಂತಾ, ನಡೀ!”

ರೊಟ್ಟಿಯನ್ನು ಮಗಳಿಗೆ ಬಿಟ್ಟು, ಕೈ ತೊಳೆಯುವಷ್ಟೂ ತಾಳ್ಮೆಯಿಲ್ಲದೆ ಕೋಲು ಹಿಡಿದು ಬಾಗಿಲಿಗೆ ಬಂದೆ. ಪಟ್ಟಿ ಇದ್ದ ಜಾಗದಲ್ಲಿ ಅವಳ ಐದು ಬೆರಳು ಕೂತವು. “ಹಿಟ್ಟ ಮೆತ್ತೈತಲ್ಲ!” ಎಂದಳು. “ಮೆತ್ತಲಿ ಬಿಡ” ಎಂದು ನಾನು ಹೊಸ್ತಿಲು ದಾಟಿದೆ.